ಮನೆಯವರಿಗೆ ತಿಳಿಸಲಾಗಿದೆ

ಶೋಭಾ, ಧಾರವಾಡದ ಕೋರ್ಟಿನಲ್ಲಿ ನೀನು ಸುಳ್ಳು ಹೇಳಲಿಲ್ಲ. ಸುಳ್ಳು ಬರೆದವಳು ನಾನು.

ಈ ಒಂದು ಮಾತು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಬರೆಯುವುದನ್ನೇ ಕಸುಬು ಮಾಡಿಕೊಂಡವಳಿಗೆ ಹನ್ನೊಂದು ವರ್ಷ! ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ, ಅದರಲ್ಲಿ ಹದಿನಾಲ್ಕು ವರ್ಷ ಠಾಣೆಯ ರೈಟರ್. ಊರಿನ ಕಳ್ಳತನ, ಹೊಡೆದಾಟ, ಮನೆ ಬಿಟ್ಟು ಹೋದವರು, ಬಾವಿಗೆ ಬಿದ್ದವರು — ಎಲ್ಲರೂ ನನ್ನ ಪೆನ್ನಿನಿಂದಲೇ ಸರ್ಕಾರದ ಕಣ್ಣಿಗೆ ಬೀಳಬೇಕಿತ್ತು. ಹಳಿಯಾಳದ ಕಡೆಯ ಆ ಠಾಣೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತು, ನನಗೆ ಗೊತ್ತು, ಸಾಕು. ಆದರೆ ನನ್ನನ್ನು ಬಚ್ಚಿಡುವುದಿಲ್ಲ. ಸಾಹೇಬರು ಹೇಳಿದರು, ಮೇಲಿನವರು ಹೇಳಿದರು, ದಿಲ್ಲಿಯವರು ಮಾಡಿದರು — ಈ ರಾಗವನ್ನು ನನಗೆ ನಾನೇ ಎಷ್ಟು ಸಲ ಹಾಡಿಕೊಂಡೆನೋ! ಇವತ್ತು ಅದು ಬೇಡ. ಇವತ್ತು ಸಿಟ್ಟು ನೆತ್ತಿಗೇರಿದೆ, ನನ್ನ ಮೇಲೆ ನನಗೇ. ಅದು ಆರುವುದರೊಳಗೆ ಬರೆದು ಮುಗಿಸಬೇಕು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ನಿನ್ನೊಬ್ಬಳಿಗೇ ಅಂತ ಬರೆಯುತ್ತಿಲ್ಲ. ಮಂದಿ ಓದಲಿ. ಓದಿ ನನ್ನ ಮುಖಕ್ಕೆ ಉಗಿಯುವವರು ಉಗಿಯಲಿ.

ಠಾಣೆಯಲ್ಲಿ ದಿನಚರಿ ಪುಸ್ತಕ ಅಂತ ಒಂದು ಇರುತ್ತದೆ. ಬೆಳಿಗ್ಗೆಯಿಂದ ಯಾರು ಬಂದರು, ಏನು ಹೇಳಿದರು, ಯಾವ ಪೇದೆ ಎಲ್ಲಿಗೆ ಹೋದ, ಎಷ್ಟು ಗಂಟೆಗೆ — ಎಲ್ಲವನ್ನೂ ಆಯಾ ಹೊತ್ತಿಗೇ ಅದರಲ್ಲಿ ಬರೆಯಬೇಕು. ನಡುವೆ ಒಂದು ಸಾಲೂ ಖಾಲಿ ಇರಕೂಡದು, ಅದು ಕಾಯಿದೆ. ನಮ್ಮ ಠಾಣೆಯಲ್ಲಿ ಇರುತ್ತಿತ್ತು. ಅದಕ್ಕೆ ನಾವು "ಜಾಗಾ ಬಿಡೂದು" ಅನ್ನುತ್ತಿದ್ದೆವು. ಸೂಕ್ಷ್ಮದ ವಿಷಯ ಬಂತು, ಸಾಹೇಬರು ಠಾಣೆಯಲ್ಲಿಲ್ಲ ಅಂದರೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಮುಂದಿನದು ಬರೆಯುವುದು. ಸಾಹೇಬರು ಬಂದ ಮೇಲೆ ಏನು ಬರೆಯಬೇಕೆಂದು ಅವರು ಹೇಳಬೇಕು, ಅಷ್ಟನ್ನು ಆ ಜಾಗದಲ್ಲಿ ಹೊಂದಿಸಬೇಕು. ನನಗಿಂತ ಮೊದಲಿದ್ದ ರೈಟರ್ ನನಗೆ ಕಲಿಸಿದ್ದು ಇದನ್ನೇ. ನಾನೂ ನನ್ನ ನಂತರದವರಿಗೆ ಕಲಿಸಿದೆ, ಅದೂ ಹೆಮ್ಮೆಯಿಂದ! ಜಾಗಕ್ಕೆ ಸರಿಯಾಗಿ, ಅಕ್ಷರ ಕಿರಿದಾಗದ ಹಾಗೆ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ ಅಂತ ಹೆಸರಾಗಿದ್ದೆ.

ಆ ಸೋಮವಾರ ಹನ್ನೊಂದರ ಸುಮಾರಿಗೆ ನೀನು ಬಂದೆ. ಕೈಯಲ್ಲಿ ಅಂಗಡಿಯ ಕೀಲಿ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಿನ್ನ ಗಂಡ ಪರಶುರಾಮನ ಮೊಬೈಲ್ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಸಿಮ್ ಮಾರುತ್ತಿದ್ದ, ರೀಚಾರ್ಜ್ ಮಾಡುತ್ತಿದ್ದ. ನನ್ನ ಫೋನಿನ ಗಾಜು ಒಡೆದಾಗ ಹಾಕಿಕೊಟ್ಟವನೂ ಅವನೇ.

"ಅಕ್ಕಾರ, ನಮ್ಮನಿಯವರನ್ನ ಜೀಪಿನಾಗ ಹಾಕ್ಕೊಂಡು ಹೋದ್ರು. ನಾಲ್ಕು ಮಂದಿ ಇದ್ರು, ಬರೇ ಹಿಂದಿ ಮಾತಾಡ್ತಾರ. ಗಾಡಿ ನಂಬರು ಈ ಕಡೀದಲ್ಲ. ನಿಮ್ಮ ಮಂದಿ ಆಗಿದ್ರ ಹೆಸರಾದ್ರೂ ಗೊತ್ತಿರ್ತಿತ್ತು. ಈಗ ಯಾರ ಬಾಗಲಾ ಹೋಗಿ ಬಡೀಲಿ ನಾ?"

ಸಾಹೇಬರು ಜೋಯಿಡಾದ ಕಡೆಗೆ ಬಂದೋಬಸ್ತಿಗೆ ಹೋಗಿದ್ದರು. ಫೋನ್ ಮಾಡಿದೆ. "ಕಮಲಕ್ಕ, ಸದ್ಯಕ್ಕ ಏನೂ ಬರೀಬ್ಯಾಡ್ರಿ. ಜಾಗಾ ಬಿಡ್ರಿ. ನಾ ಬಂದ ಮ್ಯಾಲ ನೋಡೂಣು" ಅಂದರು. ನಾನು ಜಾಗ ಬಿಟ್ಟೆ. ನೀನು ಹೇಳುತ್ತಿದ್ದಷ್ಟು ಹೊತ್ತೂ ಪೆನ್ನು ಆಡಿಸಿದೆ — ಒಂದು ಹಳೆಯ ಹಾಳೆಯ ಮೇಲೆ. ಹೊರಡುವಾಗ ನೀನು ಕೇಳಿದೆ:

"ಪುಸ್ತಕದಾಗ ಬರಕೊಂಡ್ರಿಲ್ಲರಿ ಅಕ್ಕಾರ?"

"ಬರಕೊಂಡೇನಿ, ಹೋಗವಾ."

ಬಾಗಿಲ ತನಕ ಹೋದವಳು ತಿರುಗಿ ಬಂದು ಮತ್ತೆ ಕೇಳಿದೆ. ಮತ್ತೆ ಅದನ್ನೇ ಅಂದೆ. ಮೂರನೇ ಸಲ ನೀನು ಮೇಜಿನ ಮೇಲೆ ಬಗ್ಗಿ ಪುಸ್ತಕ ನೋಡಲು ಹೋದೆ. ಹತ್ತನೇ ಇಯತ್ತೆ ಪಾಸಾದವಳು ನೀನು, ಓದಲು ಬರುತ್ತಿತ್ತು. ನಾನು ಅಂಗೈಯನ್ನು ಹಾಳೆಯ ಮೇಲೆ ಅಡ್ಡ ಇಟ್ಟು "ಸರಕಾರಿ ಪುಸ್ತಕ ಐತಿ ಅದು, ಹಂಗೆಲ್ಲ ನೋಡಬಾರದು" ಅಂದೆ. ನೀನು ನಂಬಿದೆ. ಅಷ್ಟೇ ಅಲ್ಲ, ಕೈ ಮುಗಿದು ಹೋದೆ — ಆ ಕೈ ಮುಗಿದದ್ದನ್ನು ನೆನೆಸಿದರೆ ಇವತ್ತಿಗೂ ನನಗೆ...

ಇರಲಿ.

ಸಾಹೇಬರು ಮಧ್ಯಾಹ್ನ ಬಂದರು. ಎಳೆ ಹುರುಪಿನ ಮನುಷ್ಯ, ನನಗಿಂತ ಹದಿನೈದು ವರ್ಷ ಚಿಕ್ಕವರು. ಬಂದವರೇ ಟೋಪಿಯನ್ನು ಮೇಜಿನ ಮೇಲೆ ಅಪ್ಪಳಿಸಿದರು. "ನಮ್ಮ ಹದ್ದಿನಾಗ ಬಂದು, ನಮಗ ಹೇಳದ ಕೇಳದ ಮನಷ್ಯಾನ್ನ ಎತ್ತಾಕ, ಇವರೇನು ಇದನ್ನ ಮಾವನ ಮನಿ ಅಂತ ತಿಳದಾರನು?" ಠಾಣೆಯಲ್ಲಿದ್ದವರಿಗೆಲ್ಲ ಮೈ ಉಬ್ಬಿತು. ಆಮೇಲೆ ಒಳಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದರು. ಹೊರಗೆ ಬಂದಾಗ ದನಿ ಇಳಿದಿತ್ತು. ದಿಲ್ಲಿಯ ತನಿಖೆಯವರಂತೆ, ಪರಶುರಾಮನ ಅಂಗಡಿಯಿಂದ ಹೋದ ಸಿಮ್ಮು ಉತ್ತರದ ಯಾವುದೋ ದೊಡ್ಡ ಮೋಸದ ಕೇಸಿನಲ್ಲಿ ಸಿಕ್ಕಿತ್ತಂತೆ, ನಾವು ನಡುವೆ ಬರಬಾರದಂತೆ. ಅಷ್ಟೇ. ಹುಲಿಯ ಹಾಗೆ ಬಂದವರು ಚಹಾ ತರಿಸಿಕೊಂಡು ಕುಂತರು.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ತಪ್ಪು ಅರ್ಧವೇ ಗೊತ್ತಾಗುತ್ತದೆ. ನನಗೆ ಕಾನೂನು ಗೊತ್ತಿರಲಿಲ್ಲ ಅಂತಲ್ಲ. ದಾಂಡೇಲಿಯ ಗಿರಣಿ ಕಾಲನಿಯಲ್ಲಿ ಬೆಳೆದವಳು ನಾನು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಗಿರಣಿ ಸೇರಿದವನು, ಮಗಳು ಓದಲಿ ಅಂತ ಹಟ ಹಿಡಿದವನು. ಪೊಲೀಸ್ ಶಾಲೆಯಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ನಾನೇ ಮೊದಲು. ಪೊಲೀಸ್ ಅನ್ನುವುದು ರಾಜ್ಯದ ಪಟ್ಟಿಯ ವಿಷಯ ಅಂತ ಸಂವಿಧಾನದಲ್ಲೇ ಇದೆ. ದಿಲ್ಲಿಯವರು ಇಂಥ ತನಿಖೆಗೆ ನಮ್ಮಲ್ಲಿ ಕೈ ಹಾಕಬೇಕಾದರೆ ರಾಜ್ಯದ ಒಪ್ಪಿಗೆ ಬೇಕು — ಅಂಥ ಒಪ್ಪಿಗೆಯ ಕಾಗದವನ್ನು ನಾನು ಇವತ್ತಿನ ತನಕ ನೋಡಿಲ್ಲ. ಬಂದವರು ಊರಿನ ಠಾಣೆಗೆ ಹೇಳಬೇಕು. ಯಾರೇ ಹಿಡಿದರೂ ಮನೆಯವರಿಗೆ ತಿಳಿಸಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದೆಲ್ಲ ನನಗೆ ಬಾಯಿಪಾಠ ಇತ್ತು.

ಆದರೆ ಯಾಕೆ ಹಾಗೆ ಬರೆದಿಟ್ಟರು ಅನ್ನುವುದನ್ನು ಯಾವ ಮಾಸ್ತರರೂ ನನಗೆ ಹೇಳಿರಲಿಲ್ಲ. ನೀನು ಹೇಳಿದೆ, ಚಪ್ಪಲಿ ಇಲ್ಲದ ಕಾಲಲ್ಲಿ ನಿಂತು. ಯಾರ ಬಾಗಲಾ ಬಡೀಲಿ ಅಂದೆಯಲ್ಲ — ಅದಕ್ಕೇ! ಬೆಂಗಳೂರಿನ ಸರ್ಕಾರದ ದೊಡ್ಡಸ್ತಿಕೆಗೆ ಅಲ್ಲ, ನಮ್ಮ ಸಾಹೇಬರ ಟೋಪಿಯ ಮರ್ಯಾದೆಗೆ ಅಲ್ಲ. ಒಬ್ಬನನ್ನು ಎತ್ತಿಕೊಂಡು ಹೋದರೆ ಅವನ ಹೆಂಡತಿಗೆ ಹೋಗಿ ಕೇಳಲು ಹತ್ತಿರದಲ್ಲಿ ಒಂದು ಬಾಗಿಲು ಇರಲಿ, ಆ ಬಾಗಿಲಲ್ಲಿ ಅವಳ ಭಾಷೆ ಬಲ್ಲವರು ಇರಲಿ, ಅವರು ಉತ್ತರ ಕೊಡಲೇಬೇಕಾಗಲಿ ಅಂತ. ಆ ಬಾಗಿಲಲ್ಲಿ ಕುಂತವಳು ನಾನು. ನೀನು ಬಡಿದೆ. ನಾನು ಅಂಗೈ ಅಡ್ಡ ಇಟ್ಟೆ.

ಮಂಗಳವಾರ ಬಂದೆ, ಬುಧವಾರ ಬಂದೆ. ಠಾಣೆಯ ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆ ಕುಂತವಳು ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದೆ. "ಏನಾರ ಗೊತ್ತಾತೇನ್ರಿ?" "ಇಲ್ಲವಾ." ಶೋಭಾ, ಮಂಗಳವಾರ ಮಧ್ಯಾಹ್ನಕ್ಕೇ ನಮಗೆ ಗೊತ್ತಾಗಿತ್ತು! ಅಂಬಿಕಾನಗರದ ಕಡೆಯಿಂದ ಬಂದ ನಮ್ಮ ಪೇದೆಯೊಬ್ಬ ಆ ಜೀಪನ್ನು ನೋಡಿದ್ದ. ದಾಂಡೇಲಿಯಾಚೆ ಕಾಳಿ ನದಿಯ ದಂಡೆಗೆ ಪ್ರವಾಸಿಗರು ಇಳಿಯುವ ಒಂದು ರೆಸಾರ್ಟು. ಹಿಂದಿನ ಕೋಣೆ ಹಿಡಿದಿದ್ದರು. ಮುಂದೆ ಮಂದಿ ದೋಣಿಯಲ್ಲಿ ಕುಂತು ಕೇಕೆ ಹಾಕುತ್ತಿದ್ದಾರೆ, ಹಿಂದೆ ನಿನ್ನ ಗಂಡನನ್ನು ಕೂಡಿ ಹಾಕಿದ್ದಾರೆ. ಬಸ್ಸಿಗೆ ಒಂದೂವರೆ ತಾಸಿನ ಹಾದಿ. ಹೇಳಿದ್ದರೆ ನೀನು ನಡೆದಾದರೂ ಹೋಗುತ್ತಿದ್ದೆ. ನಾನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಅವರ ಅಧಿಕಾರಿಯೊಬ್ಬ ಠಾಣೆಗೆ ಬಂದ. ನೀನಿನ್ನೂ ಬಂದಿರಲಿಲ್ಲ. ಜೀಪಿನಲ್ಲಿ ಪರಶುರಾಮ ಇದ್ದ, ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು. ಆ ಅಧಿಕಾರಿ ಕುರ್ಚಿ ಕೊಟ್ಟರೂ ಕೂಡಲಿಲ್ಲ. ಆ ಗುರುವಾರವೇ ಬಂಧಿಸಿದ್ದಾಗಿ ಒಂದು ಕಾಗದ ಮೇಜಿನ ಮೇಲೆ ಒಗೆದ, ಹಿಂದಿಯಲ್ಲಿ ಎರಡು ಮಾತು ಆಡಿದ, ಹೋದ. ನಮ್ಮಿಂದ ಅವನು ಏನನ್ನೂ ಕೇಳಲಿಲ್ಲ. ಇದನ್ನು ಸರಿಯಾಗಿ ತಿಳಿದುಕೋ ಶೋಭಾ, ನನ್ನ ಸಿಟ್ಟೆಲ್ಲ ಇದಕ್ಕೇ. ಸುಳ್ಳು ಬರೆಯಿರಿ ಅಂತ ದಿಲ್ಲಿಯವರು ಹೇಳಲಿಲ್ಲ. ನಮ್ಮ ಪುಸ್ತಕದ ಖಬರೇ ಅವರಿಗಿರಲಿಲ್ಲ.

ಅವನು ಹೋದ ಮೇಲೆ ಸಾಹೇಬರ ಮುಖ ಕೆಂಪಗಾಗಿತ್ತು. "ನಮ್ಮ ಹದ್ದಿನಾಗ ಎತ್ತಿ ನಾಲ್ಕು ದಿನ ಇಟ್ಕೊಂಡ್ರು, ನಮಗ ಗೊತ್ತ ಇರಲಿಲ್ಲ ಅಂತ ಬರದ್ರ ನಾಳೆ ಊರಾಗ ಮಾರಿ ಹೆಂಗ ತೋರಸೂದ್ರಿ ಕಮಲಕ್ಕ? ಸೋಮವಾರದ ಜಾಗಾ ಇನ್ನೂ ಹಂಗ ಐತಿಲ್ಲೋ?"

ಇತ್ತು.

ಅವರು ಹೇಳಿದರು, ನಾನು ಬರೆದೆ. 'ಸೋಮವಾರ ಮುಂಜಾನೆ ಒಂಬತ್ತೂವರೆಗೆ ಸದರಿ ತಂಡದವರು ಠಾಣೆಗೆ ಹಾಜರಾಗಿ ಅನುಮತಿ ಕೋರಿದ್ದು, ಅನುಮತಿ ನೀಡಲಾಗಿದೆ. ಪರಶುರಾಮನು ಸ್ವಇಚ್ಛೆಯಿಂದ ವಿಚಾರಣೆಗೆ ಹೋಗಿರುತ್ತಾನೆ.' ಅನುಮತಿ ಕೋರಿದರಂತೆ! ಕುರ್ಚಿಯ ಮೇಲೂ ಕೂಡದವರು! ನಮ್ಮ ಕೈಯಿಂದ ಕಸಿದುಕೊಂಡದ್ದನ್ನು ನಾವೇ ಕೊಟ್ಟೆವು ಅಂತ ಬರೆದುಕೊಂಡು ಮೀಸೆ ತಿರುವಿಕೊಂಡೆವು. ಹೆದರಿ ಬರೆದೆ ಅಂದರೆ ಅದೂ ಸುಳ್ಳಾಗುತ್ತದೆ. ಬರೆಯುವಾಗ ನನಗೆ ಒಂದು ಥರಾ ಸಮಾಧಾನವೇ ಆಗಿತ್ತು. ಠಾಣೆಯ ಮಾನ ಉಳಿಯಿತು ಅನ್ನಿಸಿತು. ಥೂ!

ಇಷ್ಟೇ ಆಗಿದ್ದರೆ ಪಾಪವನ್ನು ಸಾಹೇಬರ ಜೊತೆ ಹಂಚಿಕೊಳ್ಳಬಹುದಿತ್ತು. ಅವರು ಹೇಳಿ ಮುಗಿಸಿ ಎದ್ದು ಹೋದರು. ಅರ್ಧ ಸಾಲು ಉಳಿದಿತ್ತು. ಖಾಲಿ ಕಾಣಬಾರದಲ್ಲ — ರೈಟರಿಕೆ ಬಲ್ಲವಳು ನಾನು, ಇಂಥ ನಮೂದು ಹೇಗೆ ಮುಗಿಯಬೇಕು ಅನ್ನುವುದು ಕೈಗೇ ಗೊತ್ತು. ಯಾರೂ ಹೇಳದೆ, ಯಾರೂ ಕೇಳದೆ, ನಾನೇ ಬರೆದೆ: 'ಮನೆಯವರಿಗೆ ತಿಳಿಸಲಾಗಿದೆ.'

ಮನೆಯವರು ಅಂದರೆ ನೀನು.

ನಿನ್ನ ವಕೀಲರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಅರ್ಜಿ ಹಾಕಿದರು. ಸೋಮವಾರ ಹಿಡಿದದ್ದು, ನಾಲ್ಕು ದಿನ ಕಾನೂನಿಲ್ಲದೆ ಕೂಡಿಟ್ಟದ್ದು, ಮನೆಗೆ ಹೇಳಲಿಲ್ಲ, ಠಾಣೆಗೆ ಹೇಳಲಿಲ್ಲ, ಆದ್ದರಿಂದ ಬಿಡಬೇಕು ಅಂತ. ಸಾಕ್ಷಿ ಏನು ಅಂದರೆ ನೀನು ಎದೆ ತಟ್ಟಿ ಹೇಳಿದೆಯಂತೆ — ಠಾಣೆಯ ಪುಸ್ತಕ ತರಿಸಿರಿ, ಅಕ್ಕಾರ ನನ್ನ ಮುಂದೇ ಬರೆದುಕೊಂಡಿದ್ದಾರೆ, ಠಾಣೆಯವರಿಗೂ ಗೊತ್ತಿರಲಿಲ್ಲ ಅಂತ ಅದರಲ್ಲೇ ಇದೆ. ಪುಸ್ತಕ ತರಿಸಿದವಳು ನೀನೇ. ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹೊತ್ತು ತಂದವಳು ನಾನು. ಅದೇ ಬಸ್ಸಿಗೆ ನೀನೂ ಹತ್ತಿದೆ, ನನ್ನನ್ನು ನೋಡಿ ಮುಖ ಅರಳಿಸಿದೆ. ಧಾರವಾಡದಲ್ಲಿ ಇಳಿದ ಮೇಲೆ ಬೇಡ ಬೇಡ ಅಂದರೂ ಚಹಾ ಕುಡಿಸಿದೆ. ಕುಡಿದೆ ನಾನು. ಆ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡೇ ಕುಡಿದೆ.

ಒಳಗೆ ಎದುರಿನ ವಕೀಲರು ಆ ಮೂರು ಸಾಲು ಓದಿದರು. ನೀನು ನ್ಯಾಯಾಧೀಶರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ಮೇಲಿನ ಫ್ಯಾನು ನೋಡಿದೆ. ಇದು ನಿಮ್ಮ ಅಕ್ಷರವೋ ಅಂತ ಕೇಳಿದರು. ಹೌದು ಸ್ವಾಮಿ ಅಂದೆ. ಆ ಹೊತ್ತಿಗೇ ಬರೆದದ್ದೋ? ಹೌದು ಸ್ವಾಮಿ. ಎರಡು ಸಲ ಹೌದು. ಅರ್ಜಿ ಬಿದ್ದುಹೋಯಿತು. ನಮ್ಮ ಠಾಣೆಯ ಜಂಬಕ್ಕೆ ಬರೆದ ನಮೂದು, ಹೇಳದೆ ಕೇಳದೆ ಬಂದವರಿಗೆ ರಕ್ಷಣೆಯಾಯಿತು. ಹೊರಗೆ ಮೆಟ್ಟಿಲ ಮೇಲೆ ನೀನು ನನ್ನ ದಾರಿ ಕಾದೆಯಂತೆ. ನಾನು ಹಿಂದಿನ ಬಾಗಿಲಿನಿಂದ ಹೋಗಿದ್ದೆ.

ಪರಶುರಾಮ ಎರಡೂವರೆ ವರ್ಷ ದೂರದ ಜೈಲಿನಲ್ಲಿದ್ದ. ಅವನ ಅಂಗಡಿಯ ಕಾಗದಪತ್ರ ಕದ್ದು ಯಾರೋ ಬೇರೆಯವರು ಸಿಮ್ ಮಾಡಿಸಿದ್ದು ಕೊನೆಗೆ ಹೊರಬಿತ್ತು. ಬಿಟ್ಟರು. ಒಂದು ಕಿವಿ ಪೂರ್ತಿ ಹೋಗಿತ್ತು. ಬಂದವನು ನಿನ್ನ ಮನೆಗೆ ಬರಲಿಲ್ಲ, ಮುಂಡಗೋಡದಲ್ಲಿ ಅಣ್ಣನ ಮನೆಗೆ ಹೋದ ಅಂತ ಕೇಳಿದ್ದೆ. ಜೈಲಿಗೆ ಹೋಗಿ ಬಂದವನ ಮನಸ್ಸು ಕೆಟ್ಟಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ಎಷ್ಟು ಸಸಾರ ನೋಡು!

ನಾನು ನಿವೃತ್ತಿಯಾಗಿ ಒಂದು ವರ್ಷವಾಯಿತು. ಹೋದ ತಿಂಗಳು ಸಂಬಂಧಿಕರ ಮದುವೆಗೆ ಅಂತ ಮುಂಡಗೋಡಕ್ಕೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನಾನೇ ಗುರುತು ಹಿಡಿದೆ. ಅವನು ಬಲಗಿವಿ ಮುಂದೆ ಮಾಡಿ ನನ್ನ ಮಾತು ಕೇಳಿಸಿಕೊಂಡ. ಹೆಂಡತಿ ಹೇಗಿದ್ದಾಳೆ ಅಂತ ಕೇಳಿದೆ, ಸುಮ್ಮನೆ, ಮಾತಿಗೆ.

"ಗೊತ್ತಿಲ್ರಿ ಅಕ್ಕಾರ. ಆಕಿಗೆ ನನ್ನ ಎಲ್ಲಿ ಇಟ್ಟಾರಂತ ಗೊತ್ತಿತ್ತು, ಬರಲಿಲ್ಲ. ನಾ ಆ ಕ್ವಾಣ್ಯಾಗ ನಾಲ್ಕು ದಿನ ಆಕಿ ಹಾದಿ ಕಾದೆ. ಜೈಲಿನಾಗ ಕೋರ್ಟಿನ ಕಾಗದ ಬಂತು, ಓದಿದೆ. ಮನಿಯವರಿಗೆ ಸೋಮವಾರನ ಹೇಳೇವಿ ಅಂತ ಐತಿ ಅದರಾಗ. ಆಮ್ಯಾಲ ಆಕಿ ಅರ್ಜಿ ಹಾಕಿದ್ದು ಮಂದಿಗೆ ಹೆದರಿ ಇರಬೇಕು. ಕೋರ್ಟು ಸುಳ್ಳ ಹೇಳ್ತದೇನ್ರಿ?"

ಅಲ್ಲೇ ನಿಜ ಹೇಳಬೇಕಿತ್ತು ನಾನು. ಹೇಳಲಿಲ್ಲ. ಬಸ್ಸು ಬಂತು ಅಂತ ಹೇಳಿ ಹತ್ತಿಕೊಂಡೆ. ಕೇಳಿದೆಯಾ ಶೋಭಾ? ಅಲ್ಲೂ, ಆಗಲೂ, ಯಾವ ಸಾಹೇಬನೂ ಇಲ್ಲದಿದ್ದಾಗ, ಯಾವ ದಿಲ್ಲಿಯವನೂ ಇಲ್ಲದಿದ್ದಾಗ — ಬಸ್ಸು ಹತ್ತಿದೆ! ಕೋರ್ಟಿನಲ್ಲಿ ನಿನ್ನನ್ನು ಸುಳ್ಳುಬುರುಕಿ ಮಾಡಿದೆ ಅಂತಷ್ಟೇ ಇಷ್ಟು ದಿನ ತಿಳಿದಿದ್ದೆ. ನಿನ್ನ ಗಂಡನ ಕಣ್ಣಲ್ಲೂ ಮಾಡಿದ್ದೆ. ಅವನ ಅಣ್ಣ, ಅತ್ತೆ, ಓಣಿಯವರು, ಎಲ್ಲರೂ ನಿನ್ನ ಮಾತಿಗಿಂತ ನನ್ನ ಅಕ್ಷರವನ್ನೇ ನಂಬಿದ್ದರು. ಎಂಟು ವರ್ಷ ನೀನು ಅಂಗನವಾಡಿಯಲ್ಲಿ ಅಡಿಗೆ ಮಾಡಿಕೊಂಡು ಒಬ್ಬಳೇ ಇದ್ದದ್ದು ನನ್ನ ಆ ಅರ್ಧ ಸಾಲಿನಿಂದ.

ಮೂರು ವಾರ ಸಿಟ್ಟಿನಲ್ಲೇ ಕಳೆದೆ. ಮನೆಯಲ್ಲಿ ಪಾತ್ರೆ ಎತ್ತಿ ಒಗೆದೆ, ಹೊಸದಾಗಿ ಬಂದ ರೈಟರ್ ಹುಡುಗಿ ಕಷ್ಟಸುಖ ಮಾತಾಡಲು ಬಂದರೆ ಅವಳ ಮೇಲೂ ಹರಿಹಾಯ್ದೆ — ಜಾಗಾ ಬಿಡಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ, ಒಂದು ಸಾಲೂ ಬಿಡಬ್ಯಾಡ ಅಂತ. ಅವಳು ಹೆದರಿ ಹೋದಳು. ಆಮೇಲೆ ಹಳಿಯಾಳದ ನಿನ್ನ ಅದೇ ವಕೀಲರ ಹತ್ತಿರ ಹೋಗಿ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿದೆ. ನನ್ನ ಮೇಲೆ ಕೇಸಾಗುತ್ತದೆ, ಪಿಂಚಣಿ ನಿಲ್ಲಬಹುದು ಅಂದರು. ಆಗಲಿ ಅಂದೆ. ಅದು ಕೋರ್ಟಿಗೆ ಹೋಗುವ ಮೊದಲು ನಾನು ಹೋಗಬೇಕಾದ ಜಾಗ ಇನ್ನೊಂದಿತ್ತು.

ನಿನ್ನೆ ಮುಂಡಗೋಡಕ್ಕೆ ಹೋದೆ. ಪರಶುರಾಮ ಅಂಗಳದಲ್ಲಿ ಕುಂತು ಗೋವಿನಜೋಳ ಸುಲಿಯುತ್ತಿದ್ದ. ಅವನ ಬಲಗಿವಿಯ ಹತ್ತಿರ ಕುಂತು, ಕೇಳುವ ಹಾಗೆ, ಗಟ್ಟಿಯಾಗಿ, ಎಲ್ಲ ಹೇಳಿದೆ. ಒಳಗಿನಿಂದ ಅವನ ಅಣ್ಣ ಬಂದು ನಿಂತ, ಅವನ ಮುಂದೂ ಹೇಳಿದೆ. ಮನೆಯವರಿಗೆ ಯಾರೂ ತಿಳಿಸಿರಲಿಲ್ಲ, ಅದನ್ನು ಬರೆದವಳು ನಾನು ಅಂದೆ. ಬಯ್ಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟ.

"ಹಂಗಾದ್ರ ಆ ನಾಲ್ಕು ದಿನ ಆಕಿ ಎಲ್ಲಿದ್ಲರಿ?"

"ನಮ್ಮ ಠಾಣೆ ಹೊರಗ. ಬೆಂಚಿನ ಮ್ಯಾಲ."

"ದಿನಾನೂ?"

"ದಿನಾನೂ. ಮುಂಜಾನಿಂದ ಸಂಜಿತನಕ."

ಆಮೇಲೆ ಕೇಳಿದ, "ಉಂಡಿದ್ಲೇನ್ರಿ ಆಕಿ?"

ಶೋಭಾ, ಅಷ್ಟು ದಿನ ನನ್ನ ಕಣ್ಣೆದುರಿಗೇ ಕುಂತಿದ್ದೆ ನೀನು, ನಾನು ಒಂದು ಸಲವೂ ಕೇಳಲಿಲ್ಲ.